ಹಗುರ ಬೇಡವೆಂದ ಅತ್ತಿಗೆ

ಸ್ಟೀರಿಂಗ್ ಹಗುರ ಮಾಡಿಕೊಡಿ ಎಂದು ನನ್ನ ಶೆಡ್ಡಿಗೆ ಬರುವವರಿಗೆ ಲೆಕ್ಕವಿಲ್ಲ. ಗಟ್ಟಿ ಮಾಡಿಕೊಡು ಎಂದು ಜಗಳಕ್ಕೆ ಬಂದವರು ಒಬ್ಬರೇ, ಅದು ನಮ್ಮ ಅತ್ತಿಗೆ. ಈಗ ಅವರ ಬಗ್ಗೆ ಜನ ಬಾಯಿಗೆ ಬಂದಂತೆ ಕಥೆ ಕಟ್ಟುತ್ತಾರೆ. ಆಕೆಗೆ ಹಟ, ಆಕೆಗೆ ಕೊಬ್ಬು, ಗಂಡನ ಮಾತು ಕಿವಿಗೇ ಹಾಕಿಕೊಳ್ಳುವುದಿಲ್ಲ, ಹೀಗೆ. ಹೇಳುವವರು ಹೇಳಿಕೊಳ್ಳಲಿ. ಗಾಡಿಯ ಕೆಳಗೆ ಮಲಗಿದ್ದವನು ನಾನು, ಪಂಪು ಬಿಚ್ಚಿದವನು ನಾನು, ಗಂಡ ಹೆಂಡತಿಯ ನಡುವೆ ಸಿಕ್ಕಿ ಒದ್ದಾಡಿದವನೂ ನಾನೇ. ಆದ್ದರಿಂದ ನಡೆದದ್ದನ್ನು ನಾನೇ ಹೇಳುತ್ತೇನೆ, ಮಧ್ಯೆ ಯಾರೂ ಮೂಗು ತೂರಿಸುವುದು ಬೇಡ.

ನಮ್ಮಪ್ಪ ಆಯುಷ್ಯವೆಲ್ಲ ಲಾರಿ ಓಡಿಸಿದವರು. ಹುಟ್ಟಿದ ಇಬ್ಬರು ಗಂಡುಮಕ್ಕಳನ್ನೂ ಸ್ಟೀರಿಂಗಿನ ಹಿಂದೆ ಕೂರಿಸಬೇಕು ಎಂದುಕೊಂಡಿದ್ದರಂತೆ. ಅಣ್ಣನಿಗೆ ಎತ್ತರ ಕಂಡರೆ ಕಾಲು ನಡುಗುತ್ತದೆ. ಮನೆಯ ಮಹಡಿ ಮೆಟ್ಟಿಲು ಹತ್ತುವಾಗಲೂ ಗೋಡೆ ಸವರಿಕೊಂಡೇ ಹೋಗುತ್ತಾನೆ. ಅವನು ದರ್ಜಿಯಾದ. ನನಗೆ ಗಾಡಿಯ ಕೆಳಗೆ ಮಲಗಿದರೆ ಎಲ್ಲ ಅರ್ಥವಾಗುತ್ತದೆ, ಒಳಗೆ ಕೂತರೆ ಎಡ ಯಾವುದು ಬಲ ಯಾವುದು ಎಂಬುದೇ ಮರೆತುಹೋಗುತ್ತದೆ. ನಾನು ಮೆಕ್ಯಾನಿಕ್ ಆದೆ. ಅಪ್ಪ ಬಹಳ ಕಾಲ ನಮ್ಮಿಬ್ಬರ ಮೇಲೂ ಮುಖ ಊದಿಸಿಕೊಂಡೇ ಇದ್ದರು. ಆಮೇಲೆ ಮನೆಗೆ ಸೊಸೆ ಬಂದರು.

ಮದುವೆಯಾದ ಹೊಸತು. ಒಂದು ದಿನ ಅಪ್ಪ ಅಂಗಳದಲ್ಲಿ ಲಾರಿ ಹಿಂದಕ್ಕೆ ತೆಗೆಯುತ್ತಿದ್ದಾಗ ಅತ್ತಿಗೆ ಬಾಗಿಲಲ್ಲಿ ನಿಂತು, "ಮಾವ, ಎಡಕ್ಕೆ ಜಾಸ್ತಿ ಆಯ್ತು" ಎಂದರು. ಅಪ್ಪ ಇಳಿದು ನೋಡಿದರೆ ಹಿಂದಿನ ಚಕ್ರ ಚರಂಡಿಯ ಅಂಚಿಗೆ ಬಂದು ನಿಂತಿತ್ತು. ಬೇರೆ ಮಾವ ಆಗಿದ್ದರೆ, ನಿನಗ್ಯಾಕಮ್ಮ ಇದೆಲ್ಲ, ಒಳಗೆ ಹೋಗು ಎನ್ನುತ್ತಿದ್ದರೇನೋ. ಅಪ್ಪ ಕೀಲಿಯನ್ನು ಅವರ ಕೈಗಿಟ್ಟು, "ಬಾ, ಹತ್ತು" ಎಂದರು.

ಅಪ್ಪ ಕಲಿಸಿದ ರೀತಿಯೇ ಬೇರೆ. ಖಾಲಿ ಬಯಲಿಗೆ ಕರೆದುಕೊಂಡು ಹೋಗಿ, ನಡೆಯುವಷ್ಟು ನಿಧಾನಕ್ಕೆ ಓಡಿಸಲು ಹೇಳಿ, ಕಣ್ಣು ಮುಚ್ಚಿಸುತ್ತಿದ್ದರು. ಪಕ್ಕದಲ್ಲಿ ಕೂತು, "ಈಗ ಚಕ್ರದ ಕೆಳಗೆ ಏನಿದೆ ಹೇಳು" ಎಂದು ಕೇಳುತ್ತಿದ್ದರು. ಮರಳು ಎಂದರೆ ಮರಳಿರಬೇಕು, ಜಲ್ಲಿ ಎಂದರೆ ಜಲ್ಲಿ. ತಪ್ಪು ಹೇಳಿದರೆ ಮತ್ತೆ ಮೊದಲಿಂದ. ನನ್ನನ್ನೂ ಒಮ್ಮೆ ಹಾಗೆ ಕೂರಿಸಿದ್ದರು. ನಾನು ಹುಲ್ಲು ಎಂದೆ, ಗಾಡಿ ಕಲ್ಲಿನ ರಾಶಿಯ ಮೇಲಿತ್ತು. ಅತ್ತಿಗೆ ಮಾತ್ರ ಕೆಲವೇ ವಾರಗಳಲ್ಲಿ ಒದ್ದೆ ಮಣ್ಣು, ಒಣ ಮಣ್ಣು ಎಂದು ಬಿಡಿಸಿ ಹೇಳತೊಡಗಿದರು. ಬಂಗಾರದ ಬಳೆ ಕೊಟ್ಟಾಗಲೂ ಸೊಸೆ ಅಷ್ಟು ಹಿಗ್ಗಿರಲಿಲ್ಲ ಎಂದು ಅಮ್ಮ ಆಗಾಗ ಚುಚ್ಚುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಅತ್ತಿಗೆ ಹರಾಜಿನಲ್ಲಿ ಒಂದು ಹಳೆಯ ಫೋರ್ ವೀಲ್ ಡ್ರೈವ್ ಗಾಡಿ ಕೊಂಡರು. ಮುಂದೆ ಇಬ್ಬರು, ಹಿಂದೆ ಎದುರುಬದುರು ಬೆಂಚುಗಳಲ್ಲಿ ಹತ್ತು ಜನ ಕೂರುವ ಗಾಡಿ. ಬೆಟ್ಟದ ನೆತ್ತಿಯಲ್ಲಿ ಕಲ್ಲಿನ ಕ್ವಾರಿ ಇದೆ. ಅಲ್ಲಿಗೆ ಕೆಲಸಗಾರರನ್ನು ಬೆಳಿಗ್ಗೆ ಹತ್ತಿಸುವುದು, ಸಂಜೆ ಇಳಿಸುವುದು ಅವರ ಕೆಲಸವಾಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲದ ದಾರಿ. ಜಲ್ಲಿ ಸದಾ ಜಾರುತ್ತದೆ. ವರ್ಷಗಟ್ಟಲೆ ಅವರು ಹತ್ತಿ ಇಳಿದರು, ಗಾಡಿಯ ಮೈಮೇಲೆ ಒಂದು ಗೀರೂ ಬೀಳಲಿಲ್ಲ. ಅಣ್ಣ ಒಂದು ದಿನವೂ ಆ ಗಾಡಿಯಲ್ಲಿ ಬೆಟ್ಟ ಹತ್ತಲಿಲ್ಲ. ಹೆಂಡತಿ ಸಂಜೆ ಇಳಿದು ಬರುವ ತನಕ ಹೊಲಿಗೆ ಯಂತ್ರದ ಮುಂದೆ ಕೂತು, ಕಿವಿಯನ್ನು ಮಾತ್ರ ರಸ್ತೆಯ ಕಡೆ ಇಟ್ಟಿರುತ್ತಿದ್ದ.

ಹೋದ ವರ್ಷ ಅತ್ತಿಗೆ ಗಾಡಿಯ ಟಾಪಿನ ಮೇಲೆ ಸಾಮಾನು ಕಟ್ಟುವಾಗ ಹಗ್ಗ ಕಡಿದು ಕೆಳಗೆ ಬಿದ್ದರು. ಎಡ ಭುಜದ ಕೀಲು ಜಾರಿತು. ತಿಂಗಳುಗಟ್ಟಲೆ ಕೈಗೆ ಜೋಳಿಗೆ ಕಟ್ಟಿಕೊಂಡು ಮನೆಯಲ್ಲಿ ಕೂರಬೇಕಾಯಿತು. ಅಲ್ಲಿ ತನಕ ಕ್ವಾರಿಯವರು ಬೇರೆ ಗಾಡಿ ಇಟ್ಟುಕೊಂಡರು, ಅತ್ತಿಗೆಯ ಗಾಡಿ ಮನೆ ಮುಂದೆ ಟಾರ್ಪಾಲು ಹೊದ್ದು ನಿಂತಿತು. ಕೈ ಕಟ್ಟಿ ಕೂರುವುದು ಅವರ ಜಾಯಮಾನವೇ ಅಲ್ಲ. ಮನೆಯವರ ತಲೆ ತಿಂದರು, ಅಣ್ಣನ ಅಂಗಡಿಯ ಗುಂಡಿಗಳನ್ನೆಲ್ಲ ಬಣ್ಣದ ಪ್ರಕಾರ ಬೇರೆ ಮಾಡಿಟ್ಟು ಅವನ ತಲೆಯನ್ನೂ ಕೆಡಿಸಿದರು. ಕೊನೆಗೆ ಡಾಕ್ಟರು, ಓಡಿಸಬಹುದು, ಆದರೆ ಭುಜದ ಮೇಲೆ ಜೋರು ಹಾಕಬೇಡಿ ಎಂದರು. ಮರುದಿನವೇ ಅತ್ತಿಗೆ ಟಾರ್ಪಾಲು ಎಳೆದು ಬಿಸಾಕಿದರು.

ಮೊದಲ ದಿನವೇ ಎಡವಟ್ಟಾಯಿತು. ಬೆಟ್ಟ ಇಳಿಯುವಾಗ ಕತ್ತೆಬೆನ್ನು ಎಂದು ಎಲ್ಲರೂ ಕರೆಯುವ ತಿರುವಿನಲ್ಲಿ ಗಾಡಿ ಒಮ್ಮೆಲೇ ಒಳಕ್ಕೆ ತಿರುಗಿ, ಮುಂದಿನ ಚಕ್ರ ಬಂಡೆಯ ಕಡೆಯ ಚರಂಡಿಗೆ ಇಳಿಯಿತು. ಯಾರಿಗೂ ಏಟಾಗಲಿಲ್ಲ. ಆದರೆ ಅದೇ ತಿರುವು ಇನ್ನೊಂದು ಕಡೆಗಿದ್ದಿದ್ದರೆ ಚರಂಡಿ ಇರುತ್ತಿರಲಿಲ್ಲ, ಆಕಾಶ ಇರುತ್ತಿತ್ತು. ಕೆಲಸಗಾರರೆಲ್ಲ ಇಳಿದು ಗಾಡಿ ಎತ್ತಿದರು. ರಾತ್ರಿಯೊಳಗೆ ಸುದ್ದಿ ಎಲ್ಲ ಕಡೆ ಹರಡಿತು. ಅವಳ ಕೈ ಹೋಯಿತಂತೆ, ಇನ್ನು ಮುಗಿಯಿತಂತೆ.

ಕ್ವಾರಿ ಮ್ಯಾನೇಜರ್ ಮನೆಗೇ ಬಂದರು. ಕೆಟ್ಟ ಮನುಷ್ಯ ಅಲ್ಲ, ಚಪ್ಪಲಿ ಬಿಟ್ಟು ಒಳಗೆ ಬಂದು ಮರ್ಯಾದೆಯಿಂದಲೇ ಮಾತಾಡಿದರು. "ಅಮ್ಮಾ, ಗಾಡಿ ನಿಮ್ಮದೇ ಇರಲಿ. ಸೋಮವಾರದಿಂದ ಡ್ರೈವರ್ ಮಾತ್ರ ನಾವು ಕೊಡ್ತೀವಿ. ಅಷ್ಟು ಜನರ ಜೀವ ನನ್ನ ತಲೆ ಮೇಲಿದೆ, ನೀವೇ ಯೋಚನೆ ಮಾಡಿ" ಎಂದರು. ಅಣ್ಣ ತಲೆಯಾಡಿಸಿದ. ಅತ್ತಿಗೆ ಎದ್ದು ಹೋಗಿ ಮ್ಯಾನೇಜರಿಗೆ ಕಾಫಿ ತಂದಿಟ್ಟರು. ಅತ್ತಿಗೆ ಜಗಳವಾಡದೆ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಅವರು ಗಾಡಿ ತಂದು ನನ್ನ ಶೆಡ್ಡಿನ ಮುಂದೆ ನಿಲ್ಲಿಸಿದರು. ಇಳಿಯದೆ, ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟುಕೊಂಡೇ ಹೇಳಿದರು: "ನೋಡೋ, ನಿನ್ನ ಹತ್ರ ಒಂದೇ ಮಾತು ಕೇಳ್ತೀನಿ. ಸ್ಟೀರಿಂಗ್ ಕೈಗೇ ಸಿಗ್ತಿಲ್ಲ. ತಪ್ಪು ಕೈದಾ, ಗಾಡಿದಾ? ಕೈದು ಅಂದ್ರೆ ಮುಚ್ಚುಮರೆ ಮಾಡ್ಬೇಡ. ಕೀಲಿ ಇಲ್ಲೇ ಇಟ್ಟು ನಡ್ಕೊಂಡು ಮನೆಗೆ ಹೋಗ್ತೀನಿ."

"ಅತ್ತಿಗೆ, ಮೊದಲು ಇಳೀರಿ, ಟೀ ಕುಡೀರಿ" ಎಂದೆ.

"ಟೀ ಕುಡಿಯೋಕೆ ನಮ್ಮನೇಲೂ ಲೋಟ ಇದೆ. ಕೇಳಿದ್ದಕ್ಕೆ ಉತ್ತರ ಹೇಳು."

ಆಗ ನನಗೆ ಅಪ್ಪನ ನೆನಪಾಯಿತು. ಶೆಡ್ಡಿನ ಹಿಂದೆ ನನ್ನದೊಂದು ಗುಜರಿ ಜೀಪು ಇದೆ. ಅದಕ್ಕೆ ಪವರ್ ಸ್ಟೀರಿಂಗೂ ಇಲ್ಲ, ಮಾನ ಮರ್ಯಾದೆಯೂ ಇಲ್ಲ. ಅದರಲ್ಲಿ ಅವರನ್ನು ಕೂರಿಸಿ ಕಣ್ಣು ಮುಚ್ಚಿಕೊಳ್ಳಲು ಹೇಳಿದೆ. ಅವರಿಗೆ ತಕ್ಷಣ ಅರ್ಥವಾಯಿತು. ಹಿಂದಿನ ಬಯಲಲ್ಲಿ ಮನೆ ಕಟ್ಟುವವರು ಮರಳು, ಜಲ್ಲಿ ಎಲ್ಲ ಸುರಿದಿದ್ದರು. ನಾನು ಪಕ್ಕದಲ್ಲಿ ನಡೆಯುತ್ತಾ ದಾರಿ ಹೇಳಿದೆ. ಜೀಪು ಆಮೆಯ ಹಾಗೆ ತೆವಳಿತು.

"ಮರಳು" ಎಂದರು ಅತ್ತಿಗೆ. ಮರಳು. "ಈಗ ಸಣ್ಣ ಜಲ್ಲಿ. ಬಲಚಕ್ರ ಹುಲ್ಲಿನ ಮೇಲಿದೆ. ಇದೇನು, ಇಟ್ಟಿಗೆ ಚೂರಾ?" ಇಟ್ಟಿಗೆ ಚೂರೇ. ಎಡಗೈಯಲ್ಲಿ ಜೋರು ಹಾಕಿದಾಗ ಹಲ್ಲು ಕಚ್ಚುತ್ತಿದ್ದರು, ನಿಜ. ಆದರೆ ಒಂದನ್ನೂ ತಪ್ಪು ಹೇಳಲಿಲ್ಲ.

ಆಮೇಲೆ ಅವರದೇ ಗಾಡಿಯಲ್ಲಿ, ಅದೇ ಜಾಗದಲ್ಲಿ, ಅದೇ ಪರೀಕ್ಷೆ. ಅತ್ತಿಗೆ ಕಣ್ಣು ಮುಚ್ಚಿದರು. ಗಾಡಿ ಮರಳು ದಾಟಿತು, ಜಲ್ಲಿ ದಾಟಿತು. ಅವರು ಬಾಯೇ ಬಿಡಲಿಲ್ಲ. ಕಣ್ಣು ತೆರೆದಾಗ ಅವರ ಮುಖ ಬಿಳಿಚಿತ್ತು.

"ಏನೂ ಗೊತ್ತಾಗ್ತಿಲ್ಲ ಕಣೋ. ನೀರಲ್ಲಿ ಕೈ ಆಡಿಸಿದ ಹಾಗಿದೆ."

"ಹಾಗಾದ್ರೆ ಕೈದಲ್ಲ ಅತ್ತಿಗೆ, ಗಾಡಿದು" ಎಂದೆ. ಅವರು ಉಸಿರು ಬಿಟ್ಟದ್ದು ನನಗೆ ಬಾನೆಟ್ಟಿನ ಆಚೆಗೂ ಕೇಳಿಸಿತು.

ಬಾನೆಟ್ ಎತ್ತಿದೆ. ಟೈರಿನ ಗಾಳಿ ಸರಿಯಿತ್ತು, ಬೆಲ್ಟು ಸರಿಯಿತ್ತು. ಪವರ್ ಸ್ಟೀರಿಂಗ್ ಎಂದರೆ ದೊಡ್ಡ ವಿದ್ಯೆ ಏನಲ್ಲ. ಎಂಜಿನ್ ತಿರುಗಿದಾಗ ಒಂದು ಪಂಪು ತಿರುಗಿ ಎಣ್ಣೆ ತಳ್ಳುತ್ತದೆ, ಆ ಎಣ್ಣೆ ನಮ್ಮ ಕೈಗೆ ಸಹಾಯ ಮಾಡುತ್ತದೆ. ಪಂಪಿನಿಂದ ಎಣ್ಣೆ ಹೊರಡುವ ಕಡೆ ಬೆರಳುದ್ದದ, ನಿಪ್ಪಲ್ ಎನ್ನುವ ಲೋಹದ ಕೊಳವೆ ಇರುತ್ತದೆ, ಅದರ ನಡುವೆ ಸಣ್ಣ ತೂತು. ತೂತು ದೊಡ್ಡದಾದರೆ ಎಣ್ಣೆ ಜಾಸ್ತಿ ಹರಿದು ಸ್ಟೀರಿಂಗ್ ಹಗುರ, ಚಿಕ್ಕದಾದರೆ ಗಟ್ಟಿ. ಅಷ್ಟು ವರ್ಷದ ಜಿಡ್ಡು, ಧೂಳು ಮೆತ್ತಿದ ಎಂಜಿನ್ನಿನಲ್ಲಿ ಆ ನಿಪ್ಪಲ್ ಒಂದೇ ಹೊಸ ಲೋಟದ ಹಾಗೆ ಹೊಳೆಯುತ್ತಿತ್ತು. ಬಿಚ್ಚಿ ನೋಡಿದರೆ ಅದರ ತೂತಿನಲ್ಲಿ, ಗಾಡಿ ಕೊಂಡಾಗ ಪಂಪಿನ ಜೊತೆ ನಾನು ಹಾಕಿದ್ದ ನಿಪ್ಪಲ್ಲಿನದಕ್ಕಿಂತ ಎಷ್ಟೋ ದಪ್ಪದ ಕಡ್ಡಿ ಸಲೀಸಾಗಿ ಹೋಗುತ್ತಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಕೂರಿಸಿದ ಪಂಪಿಗೆ ಯಾವನು ಕೈ ಹಾಕಿದ?

ಅಷ್ಟರಲ್ಲಿ ಅಣ್ಣ ಬಂದ. ಹೆಂಡತಿಗೆ ಊಟದ ಡಬ್ಬಿ ತಂದಿದ್ದ, ಕೊರಳಲ್ಲಿ ಯಾವಾಗಿನ ಹಾಗೆ ಅಳತೆ ಟೇಪು ನೇತಾಡುತ್ತಿತ್ತು. ಬೆಂಚಿನ ಮೇಲಿದ್ದ ನಿಪ್ಪಲ್ ನೋಡಿದವನೇ ನಿಂತಲ್ಲೇ ನಿಂತ. ಸುಳ್ಳು ಹೇಳಲು ಬಾರದ ಮುಖ ಅವನದು, ಪಾಪ.

"ಇವಳು ಆಸ್ಪತ್ರೆಗೆ ಹೋದ ದಿನ ಗಾಡಿ ಕಳಿಸಿ, ದೊಡ್ಡ ರಸ್ತೆ ವರ್ಕ್‌ಶಾಪಲ್ಲಿ ಮಾಡಿಸಿದೆ" ಎಂದ. "ಒಂದು ಬೆರಳಲ್ಲಿ ತಿರುಗೋ ಹಾಗೆ ಮಾಡಿಕೊಡಿ ಅಂದೆ. ಮಾಡ್ಕೊಟ್ರು."

"ನನ್ನ ಹತ್ರ ಯಾಕೆ ಬರ್ಲಿಲ್ಲ?" ಎಂದೆ.

"ನೀನು ಇವಳಿಗೆ ಹೇಳ್ತಿದ್ದೆ."

ಅತ್ತಿಗೆ ಡಬ್ಬಿಯನ್ನು ಬೆಂಚಿನ ಮೇಲಿಟ್ಟರು. "ಚರಂಡಿಗೆ ಇಳಿದ ದಿನ ಯಾಕ್ರೀ ಬಾಯಿ ಬಿಡ್ಲಿಲ್ಲ?"

"ಸ್ಟೀರಿಂಗ್ ಹಗುರ ಇದ್ದಿದ್ದಕ್ಕೇ ಬಚಾವಾದೆ ಅಂದ್ಕೊಂಡೆ. ಗಟ್ಟಿ ಇದ್ದಿದ್ರೆ ಇನ್ನೇನಾಗ್ತಿತ್ತೋ ಅಂತ." ಅಣ್ಣ ಕೊರಳಿನ ಟೇಪನ್ನು ಬೆರಳಿಗೆ ಸುತ್ತಿಕೊಂಡ. "ನಿದ್ದೇಲಿ ನೀನು ಎಡಗಡೆ ಹೊರಳಿದಾಗೆಲ್ಲ ನರಳ್ತೀಯ. ಬೆಳಿಗ್ಗೆ ಕೇಳಿದ್ರೆ ನೋವೇ ಇಲ್ಲ ಅಂತೀಯ. ನಾನು ಇನ್ನೇನು ಮಾಡ್ಲಿ?"

ಅಷ್ಟು ಪ್ರೀತಿಯ ಮಾತು ಕೇಳಿ ಅತ್ತಿಗೆ ಕರಗುತ್ತಾರೆ ಎಂದು ನಾನು ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಅವರ ಕಣ್ಣಲ್ಲಿ ನೀರು ಬಂತು, ಆದರೆ ಅದು ಸಿಟ್ಟಿನ ನೀರು.

"ಇಷ್ಟು ದಿನ ನನ್ನ ಕೈ ಸತ್ತುಹೋಯ್ತು ಅಂದ್ಕೊಂಡು ಬಿದ್ದಿದ್ದೆ" ಎಂದರು. "ಮಾವ ಕಲಿಸಿದ್ದೆಲ್ಲ ಹೋಯ್ತು ಅಂದ್ಕೊಂಡೆ. ಭುಜ ನೋಯ್ತು, ತಡ್ಕೊಂಡೆ. ಇದನ್ನ ತಡ್ಕೊಳ್ಳೋಕಾಗ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮಣ್ಣಂಗೆ ಹೇಳು, ನಾನು ಅವರ ಹತ್ರ ಮಾತು ಬಿಟ್ಟಿದೀನಿ."

ಅಣ್ಣ ಎರಡು ಹೆಜ್ಜೆ ದೂರದಲ್ಲಿದ್ದ. ಆದರೂ ಹೇಳಿದೆ. ಈ ಮನೆಯಲ್ಲಿ ಮೈದುನನಾಗಿ ಹುಟ್ಟಿದ ಮೇಲೆ ಇದನ್ನೆಲ್ಲ ಮಾಡಲೇಬೇಕು.

ಹಳೆಯ ನಿಪ್ಪಲ್ಲನ್ನು ಆ ವರ್ಕ್‌ಶಾಪಿನವರು ಎಂದೋ ಗುಜರಿಗೆ ಎಸೆದಿದ್ದರು. ಹೊಸದು ನಾನೇ ಮಾಡಬೇಕಿತ್ತು. ಚಿಕ್ಕ ತೂತಿನದೊಂದನ್ನು ಡಬ್ಬಿಯಿಂದ ಹುಡುಕಿ ತೆಗೆದೆ. ಅದನ್ನು ಸ್ವಲ್ಪ ಸ್ವಲ್ಪವೇ ಕೊರೆಯುತ್ತಾ, ಹಾಕಿ ನೋಡುತ್ತಾ ಹೋಗಬೇಕು. ಒಮ್ಮೆ ಜಾಸ್ತಿ ಕೊರೆದರೆ ಮುಗಿಯಿತು, ಮತ್ತೆ ಚಿಕ್ಕದಾಗುವುದಿಲ್ಲ.

ಅಣ್ಣ ಮೆಲ್ಲಗೆ, "ಸ್ಟೀರಿಂಗ್ ಡಬ್ಬದ ಮೇಲೊಂದು ಸ್ಕ್ರೂ ಇದೆಯಲ್ಲ, ಅದನ್ನ ಬಿಗಿ ಮಾಡಿದ್ರೆ ಗಟ್ಟಿ ಆಗಲ್ವಾ? ನನ್ನ ಮಿಷನ್ನಲ್ಲಿ ಹಾಗೇ ಮಾಡ್ತೀನಿ" ಎಂದ.

"ಆ ಸ್ಕ್ರೂ ಮುಟ್ಟಿದ್ರೆ ಕೈ ಮುರೀತೀನಿ" ಎಂದೆ. ಅಣ್ಣ ಎಂಬುದನ್ನೂ ಮರೆತು ಹೇಳಿಬಿಟ್ಟೆ. ಅದು ಒಳಗಿನ ಗೇರಿನ ಹಲ್ಲುಗಳ ನಡುವಿನ ಸಡಿಲ ತೆಗೆಯುವ ಸ್ಕ್ರೂ. ಅದನ್ನು ಬಿಗಿದರೆ ಸ್ಟೀರಿಂಗ್ ಗಟ್ಟಿಯೇನೋ ಆಗುತ್ತದೆ, ಆದರೆ ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುವುದಿಲ್ಲ, ಹಲ್ಲು ಸವೆದುಹೋಗುತ್ತವೆ. ಇಂಥ ಕಳ್ಳದಾರಿ ಹಿಡಿದ ಗಾಡಿಗಳನ್ನು ರಿಪೇರಿ ಮಾಡಿಯೇ ನನ್ನ ಕೂದಲು ಉದುರಿದ್ದು.

ಅಣ್ಣ ಬೇಜಾರು ಮಾಡಿಕೊಳ್ಳಲಿಲ್ಲ. ಏನೋ ಯೋಚಿಸುತ್ತಾ ನಿಂತಿದ್ದ. ಆಮೇಲೆ ತನಗೆ ತಾನೇ ಹೇಳಿಕೊಂಡ: "ಮೇಲಿನ ದಾರ ಸಡಿಲ ಬಿಟ್ರೆ ಮಿಷನ್ ಹಗುರವಾಗಿ ಓಡುತ್ತೆ. ಕೆಳಗೆ ನೋಡಿದ್ರೆ ಹೊಲಿಗೆ ಪೂರ್ತಿ ಗಂಟು ಕಟ್ಟಿರುತ್ತೆ." ಬೆಂಚಿನ ಮೇಲಿನ ನಿಪ್ಪಲ್ಲನ್ನು ಕೈಗೆತ್ತಿಕೊಂಡು, "ನಾನು ಅದನ್ನೇ ಮಾಡಿದ್ದು" ಎಂದ. ಅತ್ತಿಗೆ ಕೇಳಿಸಿಕೊಂಡರು. ಕೇಳಿಸದವರ ಹಾಗೆ ಕೂತರು.

ಕೆಲಸ ಶುರುವಾಯಿತು. ಗೋಣಿಚೀಲ ತೂಗುವ ಕೊಕ್ಕೆ ತಕ್ಕಡಿಯನ್ನು ಸ್ಟೀರಿಂಗಿನ ಅಂಚಿಗೆ ಸಿಕ್ಕಿಸಿ ಎಳೆದರೆ, ಅದು ತಿರುಗಲು ಎಷ್ಟು ಜೋರು ಬೇಕೆಂದು ಮುಳ್ಳು ತೋರಿಸುತ್ತದೆ. ನಾನು ಪಂಪಿನ ಹತ್ತಿರ, ಎಂಜಿನ್ ಚಾಲೂ. ಅತ್ತಿಗೆ ಸೀಟಿನಲ್ಲಿ. ತಕ್ಕಡಿ ಎಳೆಯಲು ಅಣ್ಣನೇ ಗತಿ. ಅಳತೆಯಲ್ಲಿ ಅವನು ಕೂದಲೆಳೆಯೂ ಬಿಡುವವನಲ್ಲ, ಮುಳ್ಳಿಗೆ ಮೂಗು ತಾಗಿಸಿ ಓದಿದ. ಮೊದಲ ಸಲ ಸ್ಟೀರಿಂಗ್ ಕಲ್ಲಾಗಿತ್ತು. ಕೊರೆದೆ. ಮತ್ತೆ ಹಾಕಿದೆ.

"ಇನ್ನೂ ಗಟ್ಟಿ ಇದೆ, ಇನ್ನೂ ಕೊರಿ" ಎಂದ ಅಣ್ಣ.

"ನಿಮ್ಮಣ್ಣಂಗೆ ಹೇಳು, ಓಡಿಸೋದು ನಾನು" ಎಂದರು ಅತ್ತಿಗೆ.

"ಅತ್ತಿಗೇಗೆ ಹೇಳು, ಭುಜ ಬೀಳುತ್ತೆ."

"ಬಿದ್ರೆ ಎತ್ಕೋತೀನಿ ಅಂತ ಹೇಳು."

"ಇಬ್ರೂ ಬಾಯಿ ಮುಚ್ಚಿದ್ರೆ ನಾನು ಪಂಪಿನ ಸದ್ದು ಕೇಳಿಸ್ಕೋತೀನಿ" ಎಂದು ನಾನು ರೇಗಿದೆ.

ಹೀಗೇ ಕೊರೆದು, ಹಾಕಿ, ಎಳೆದು, ಕೊನೆಗೆ ಮುಳ್ಳು ನನಗೆ ನೆನಪಿದ್ದ ಹಳೆಯ ಜಾಗಕ್ಕೇ ಬಂದು ನಿಂತಿತು. ಅತ್ತಿಗೆ ಗಾಡಿ ತೆಗೆದುಕೊಂಡು ಬಯಲಿಗೆ ಹೋದರು. ಕಣ್ಣು ಮುಚ್ಚಿ ಓಡಿಸಿದರು. "ಮರಳು" ಎಂದು ದೂರದಿಂದ ಕೂಗಿದ್ದು ಕೇಳಿಸಿತು. "ಜಲ್ಲಿ. ಜಲ್ಲಿ ಕಣೋ." ನನ್ನ ಎದೆ ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಬೆಟ್ಟದ ಬುಡದ ಏರಿನಲ್ಲಿ ಹತ್ತಿಸಿ ಇಳಿಸಿಕೊಂಡು ಬಂದರು.

ಇಳಿಯಲಿಲ್ಲ. ಕುತ್ತಿಗೆ ಬೆವರಿತ್ತು, ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಅಣ್ಣ ನೋಡಿದ, ನಾನೂ ನೋಡಿದೆ. ಅತ್ತಿಗೆ ಕನ್ನಡಿಯ ಕಡೆ ನೋಡುತ್ತಾ ಕೂತಿದ್ದರು. ಒಳಗೆ ಏನೋ ಜಗಳ ನಡೆಯುತ್ತಿತ್ತು, ಅದಕ್ಕೆ ಮಾತ್ರ ನನ್ನನ್ನು ಮಧ್ಯಸ್ಥಿಕೆಗೆ ಕರೆಯಲಿಲ್ಲ.

"ಇನ್ನೊಂದು ಚೂರು ಕೊರಿ" ಎಂದರು.

"ಅತ್ತಿಗೆ, ಕೊರೆದ್ಮೇಲೆ ವಾಪಸ್ ಬರಲ್ಲ."

"ಗೊತ್ತು. ಕೂದಲಷ್ಟು ಕೊರಿ. ಜಲ್ಲಿ ಕೈಗೆ ಗೊತ್ತಾಗ್ಬೇಕು, ಅದು ತಪ್ಪಿದ್ರೆ ನಿನ್ನ ಪಂಪು ನಿನ್ನ ತಲೆಗೇ ಎಸೀತೀನಿ." ಅಣ್ಣ ಬಾಯಿ ತೆರೆದ. ಅತ್ತಿಗೆ ಬೆರಳೆತ್ತಿದರು. "ನಿಮ್ಮಣ್ಣಂಗೆ ಹೇಳು, ಇದು ಅವರು ಹೇಳಿದ್ದಕ್ಕಲ್ಲ. ನನ್ನ ಭುಜ ಹೇಳಿದ್ದಕ್ಕೆ."

ಜೀವಮಾನದಲ್ಲೇ ಅಷ್ಟು ನಿಧಾನಕ್ಕೆ ನಾನು ಏನನ್ನೂ ಕೊರೆದಿರಲಿಲ್ಲ. ಹಾಕಿದೆ. ಅತ್ತಿಗೆ ಮತ್ತೆ ಬಯಲಿಗೆ ಹೋದರು. ಮರಳು, ಜಲ್ಲಿ, ಹುಲ್ಲು, ಇಟ್ಟಿಗೆ, ಎಲ್ಲವನ್ನೂ ಹೇಳಿದರು. ವಾಪಸ್ ಬಂದು, "ಬಾನೆಟ್ ಮುಚ್ಚು" ಎಂದರು, ಅಷ್ಟೇ.

ಸೋಮವಾರ ಬೆಳಿಗ್ಗೆ ಕ್ವಾರಿಯ ಕೆಳಗಿನ ಗೇಟಿನಲ್ಲಿ ಮ್ಯಾನೇಜರ್ ಹೊಸ ಡ್ರೈವರನ್ನು ನಿಲ್ಲಿಸಿಕೊಂಡಿದ್ದರು. ಕಪ್ಪು ಕನ್ನಡಕ ಹಾಕಿದ್ದ ಆ ಮನುಷ್ಯ ಕೈ ಚಾಚಿ ಕೀಲಿ ಕೇಳಿದ. ಅತ್ತಿಗೆ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡರು.

"ಸಾರ್, ಅವತ್ತು ಕೆಟ್ಟಿದ್ದು ಸ್ಟೀರಿಂಗು. ಸರಿ ಮಾಡಿಸಿದೀನಿ" ಎಂದರು. "ಇವತ್ತು ಹತ್ತಿಸ್ತೀನಿ, ಇಳಿಸ್ತೀನಿ. ನೀವೂ ಕೂತ್ಕೊಳ್ಳಿ. ಇಳಿದ್ಮೇಲೆ ನಿಮಗೆ ಅನುಮಾನ ಉಳಿದ್ರೆ ಕೀಲಿ ನಾನೇ ಬಿಚ್ಚಿ ಕೊಡ್ತೀನಿ. ಅದಕ್ಕೆ ಮುಂಚೆ ಯಾರು ಕೇಳಿದ್ರೂ ಕೊಡಲ್ಲ."

ಮ್ಯಾನೇಜರ್ ಕೆಲಸಗಾರರ ಮುಖ ನೋಡಿದರು. "ಹತ್ತೋದು ಅವರು. ಅವರು ಒಪ್ಪಿದ್ರೆ ನಂದೇನಿಲ್ಲ" ಎಂದರು.

ಕೆಲಸಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವರ್ಷಗಟ್ಟಲೆ ಅತ್ತಿಗೆಯ ಹಿಂದೆ ಕೂತು ಬೆಟ್ಟ ಹತ್ತಿದವರು, ಒಬ್ಬರೂ ಕಾಲು ಮುಂದಿಡಲಿಲ್ಲ. ಒಬ್ಬಾತ ಬೀಡಿ ಹುಡುಕುವ ನೆಪದಲ್ಲಿ ಜೇಬು ತಡಕಾಡಿದ. ಅವರನ್ನು ಬಯ್ಯಲಾರೆ, ಅವರ ಮನೆಯಲ್ಲೂ ಕಾಯುವವರಿದ್ದಾರೆ. ಆದರೂ ಆ ಹೊತ್ತಿನಲ್ಲಿ ನನಗೆ ಎಲ್ಲರ ಮೇಲೂ ಕೆಟ್ಟ ಕೋಪ ಬಂತು. ಅತ್ತಿಗೆ ಬಾಗಿಲು ಹಿಡಿದು ನೆಟ್ಟಗೆ ನಿಂತಿದ್ದರು. ತುಟಿ ಮಾತ್ರ ಬಿಗಿದಿತ್ತು.

ಆಗ ಅಣ್ಣ ನಡೆದು ಹೋಗಿ ಮುಂದಿನ ಸೀಟಿಗೆ ಹತ್ತಿ ಕೂತ. ಎರಡೂ ಕೈಯಲ್ಲಿ ಮುಂದಿನ ಹಿಡಿಕೆಯನ್ನು ಉಡದ ಹಾಗೆ ಹಿಡಿದುಕೊಂಡಿದ್ದ, ಕೊರಳಲ್ಲಿ ಟೇಪು ಇತ್ತು. ಮೆಟ್ಟಿಲು ಹತ್ತಲು ಗೋಡೆ ಸವರುವ ಮನುಷ್ಯ. ಕೆಲಸಗಾರರಿಗೆಲ್ಲ ಅವನ ಭಯ ಗೊತ್ತಿತ್ತು, ಅವರ ಬಟ್ಟೆ ಹೊಲಿಯುವವನೇ ಅವನು. ಬೀಡಿ ಹುಡುಕುತ್ತಿದ್ದವನು ಜೇಬಿನಿಂದ ಕೈ ತೆಗೆದು, "ದರ್ಜಿಯೇ ಹತ್ತಿದ ಮೇಲೆ ನಮ್ಮದೇನು" ಎಂದು ಹಿಂದೆ ಹತ್ತಿದ. ಉಳಿದವರೂ ಹತ್ತಿದರು. ಮ್ಯಾನೇಜರ್ ಹತ್ತಿದರು, ನಾನೂ ತೂರಿಕೊಂಡೆ. ಕಪ್ಪು ಕನ್ನಡಕದವನು ಗೇಟಿನಲ್ಲೇ ಉಳಿದ.

ಗಾಡಿ ಏರತೊಡಗಿತು. ಮೊದಲ ತಿರುವಿಗೇ ಅಣ್ಣ ಕಣ್ಣು ಮುಚ್ಚಿದ. ಅತ್ತಿಗೆ ದಾರಿಯಿಂದ ನೋಟ ತೆಗೆಯದೆ, ಹಿಂದೆ ಕೂತಿದ್ದ ನನಗೆ ಹೇಳಿದರು: "ನಿಮ್ಮಣ್ಣಂಗೆ ಹೇಳು, ಈಗ ಗಟ್ಟಿ ಬಂಡೆ ಮೇಲಿದೀವಿ."

"ಅಣ್ಣ, ಬಂಡೆಯಂತೆ" ಎಂದೆ.

"ಈಗ ಸಣ್ಣ ಜಲ್ಲಿ. ಎಡಕ್ಕೆ ಒಂದ್ಸ್ವಲ್ಪ ಒದ್ದೆ ಮಣ್ಣು."

ಹಾಗೆ ಹೇಳುತ್ತಲೇ ಹತ್ತಿಸಿದರು. ಕತ್ತೆಬೆನ್ನಿನ ತಿರುವಿಗೆ ಬಂದಾಗ ಎದುರಿನಿಂದ ಕಲ್ಲು ತುಂಬಿದ ಲಾರಿ ಇಳಿಯುತ್ತಿತ್ತು. ಹತ್ತುವ ಗಾಡಿಗೆ ಹೊರ ಅಂಚೇ ದಿಕ್ಕು. ಅತ್ತಿಗೆ ಅಂಚಿಗೆ ಸರಿದರು. ಲಾರಿ ಬದಿಯಲ್ಲಿ ಹಾದುಹೋಗುವಾಗ ಮುಂದಿನ ಚಕ್ರದ ಕೆಳಗೆ ಜಲ್ಲಿ ಸರ್ರನೆ ಜಾರಿತು. ಆ ಸದ್ದು ನಮ್ಮ ಕಿವಿಗೆ ಬೀಳುವ ಮುಂಚೆಯೇ ಅವರ ಕೈಗೆ ಗೊತ್ತಾಗಿತ್ತು. ಸ್ಟೀರಿಂಗನ್ನು ಸ್ವಲ್ಪ ಒಳಕ್ಕೆ ತಂದರು, ಬೇಕಾದಷ್ಟೇ ತಂದರು, ಅಲ್ಲೇ ಬಿಗಿಯಾಗಿ ಹಿಡಿದರು. ಗಾಡಿ ನೆಲ ಕಚ್ಚಿತು. ಲಾರಿ ಹೋಯಿತು.

"ಅದು ಸಡಿಲ ಜಲ್ಲಿ" ಎಂದರು ಅತ್ತಿಗೆ. "ಈಗ ಮತ್ತೆ ಬಂಡೆ."

ನೆತ್ತಿ ಮುಟ್ಟಿದ ಮೇಲೆ ಮ್ಯಾನೇಜರ್ ಮೊದಲು ಇಳಿದರು. ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, "ಇಳಿದ್ಮೇಲೆ ನೋಡೋಣ ಅಂತ ಮಾತಾಗಿತ್ತು ಅಲ್ವಾ ಅಮ್ಮಾ" ಎಂದರು.

"ಹೌದು ಸಾರ್."

"ಬೇಕಾಗಿಲ್ಲ ಬಿಡಿ. ನಾಳೆ ಶಿಫ್ಟಿಗೆ ಬೇಗ ಬನ್ನಿ" ಎಂದು ಆಫೀಸಿನ ಕಡೆ ನಡೆದರು.

ಕೆಲಸಗಾರರು ಇಳಿದು ಹೋದರು. ಅಣ್ಣ ಇಳಿಯಲಿಲ್ಲ, ಇಳಿಯಲು ಕಾಲು ಬರಬೇಕಲ್ಲ. ಕಣ್ಣು ತೆರೆದು ಮುಂದೆ ನೋಡಿದ. ಎಲ್ಲವೂ ಕೆಳಗಿತ್ತು, ಮನೆ, ಅಂಗಡಿ, ನನ್ನ ಶೆಡ್ಡು, ಎಲ್ಲ. ತಕ್ಷಣ ಹೆಂಡತಿಯ ಕಡೆ ತಿರುಗಿಕೊಂಡ. ಅತ್ತಿಗೆಯ ಎಡಗೈ ಸ್ಟೀರಿಂಗಿನಿಂದ ಕೆಳಗೆ ಜಾರಿತ್ತು.

"ನೋಯ್ತಿದೆಯಾ?" ಎಂದು ಕೇಳಿದ. ನನ್ನ ಮೂಲಕ ಕೇಳಲಿಲ್ಲ.

ಅತ್ತಿಗೆ ನನ್ನ ಕಡೆ ತಿರುಗುತ್ತಾರೆ, ನಿಮ್ಮಣ್ಣಂಗೆ ಹೇಳು ಎನ್ನುತ್ತಾರೆ ಎಂದು ನಾನು ಸಿದ್ಧನಾಗಿ ಕೂತಿದ್ದೆ. ಅವರು ತಿರುಗಲಿಲ್ಲ.

"ನೋಯ್ತಿದೆ ರೀ" ಎಂದರು. "ತುಂಬಾ ನೋಯ್ತಿದೆ."

"ಹಾಗಾದ್ರೆ?"

"ಹಾಗಾದ್ರೆ ಏನು? ನೋವು ನಂದು, ಗಾಡೀನೂ ನಂದು. ಇನ್ಮೇಲೆ ಎರಡನ್ನೂ ನಿಮಗೆ ಹೇಳ್ತೀನಿ, ಎರಡನ್ನೂ ನನ್ನ ಕೇಳದೆ ಮುಟ್ಬೇಡಿ." ಸೆರಗು ಸರಿಸಿ ಎಡ ಭುಜವನ್ನು ಅವನ ಕಡೆ ತಿರುಗಿಸಿದರು. "ಈಗ ಕೇಳ್ತಿದೀನಿ, ಬಿಗಿಯಾಗಿ ಕಟ್ಟಿ. ಇಳಿಯೋದಿನ್ನೂ ಇದೆ."

ಅಣ್ಣ ಪಟ್ಟಿ ಬಟ್ಟೆಯನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದ. ಕೊರಳಿನ ಟೇಪು ತೆಗೆದು ನನ್ನ ಕೈಗೆ ಕೊಟ್ಟು, ಹೆಂಡತಿಯ ಭುಜಕ್ಕೆ ಬಟ್ಟೆ ಸುತ್ತತೊಡಗಿದ. "ಸಡಿಲ ಆಯ್ತು" ಎಂದರು ಅತ್ತಿಗೆ. ಅವನು ಬಿಚ್ಚಿ ಮತ್ತೆ ಕಟ್ಟಿದ.